ಎಂಪಿ3, ಫ್ಲ್ಯಾಕ್, ಓಪಸ್: ಕೇಳಿ ನೋಡಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಉಳಿದದ್ದು

ಹಾಡಿನ ಫೈಲು ಯಾವ ಫಾರ್ಮ್ಯಾಟಿನಲ್ಲಿ ಇರಬೇಕು ಅನ್ನೋ ಜಗಳ ನಮ್ಮ ಹುಡುಗರ ಗುಂಪಿನಲ್ಲಿ ಮುಗಿಯೋದೇ ಇಲ್ಲ. ಒಬ್ಬ, ಧ್ವನಿಯಲ್ಲಿ ಏನನ್ನೂ ಕಳೆಯದೆ ಉಳಿಸುವ ಫ್ಲ್ಯಾಕ್ ಬಿಟ್ಟು ಬೇರೇನನ್ನೂ ಮುಟ್ಟೋನಲ್ಲ. ಇನ್ನೊಬ್ಬ "ಎಂಪಿ3 ಸಾಕು ಮಗಾ, ನಿನ್ನ ಕಿವಿಗೆ ಏನು ಗೊತ್ತಾಗತ್ತೆ" ಅಂತಾನೆ. ಇಬ್ಬರನ್ನೂ ನಂಬದೆ, ಅಪ್ಪನ ಹಳೇ ಕ್ಯಾಸೆಟ್ಟುಗಳನ್ನೂ ಅವೆನ್ಯೂ ರಸ್ತೆಯಲ್ಲಿ ಅಗ್ಗಕ್ಕೆ ಸಿಕ್ಕ ಸಿ.ಡಿ.ಗಳನ್ನೂ ಇಟ್ಟುಕೊಂಡು ಒಂದು ಮಳೆಗಾಲ ಪೂರ್ತಿ ಇದರ ಹಿಂದೆ ಬಿದ್ದೆ. ಫಾರ್ಮ್ಯಾಟಿನ ಪ್ರಶ್ನೆಗೆ ಉತ್ತರ ಬೇಗನೇ ಸಿಕ್ಕಿತು. ತಲೆ ತಿಂದದ್ದು ಪ್ಲೇಯರ್‌ಗಳು. ಎಲ್ಲವೂ ಹಾಡುತ್ತವೆ, ಚೆನ್ನಾಗಿಯೇ ಹಾಡುತ್ತವೆ. ಕನ್ನಡದಲ್ಲಿ ಹೆಸರು ಬರೆದಿಟ್ಟ ಹಾಡನ್ನು ಕೇಳಿದ ತಕ್ಷಣ ಹುಡುಕಿ ಕೊಡೋದರಲ್ಲಿ ಅವುಗಳ ಬಣ್ಣ ಬಯಲಾಗುತ್ತೆ.

ನನ್ನ ಹತ್ತಿರ ಇರೋದು 4 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪು. ಒಂದು ಕಡೆ ವಿಂಡೋಸ್, ಇನ್ನೊಂದು ಕಡೆ ಲಿನಕ್ಸ್ ಮಿಂಟ್. ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ವೈರಿನ ಹೆಡ್‌ಫೋನು. ಸಾವಿರಾರು ರೂಪಾಯಿಯ ಆಂಪ್ಲಿಫೈಯರ್ ಇಟ್ಟುಕೊಂಡವರ ತೀರ್ಪು ಬೇರೆ ಇರಬಹುದು, ಅವರ ಜತೆ ನನಗೆ ವಾದವಿಲ್ಲ.

ಮೊದಲು ಲೆಕ್ಕ. ಸಿ.ಡಿ. ಗುಣಮಟ್ಟ ಅಂದರೆ ಸೆಕೆಂಡಿಗೆ ಧ್ವನಿಯ 44,100 ಮಾದರಿ (ಸ್ಯಾಂಪಲ್), ಪ್ರತಿಯೊಂದಕ್ಕೂ 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಒಟ್ಟು 1,411 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಬಿಟ್. ಬಿಟ್‌ರೇಟ್ ಅನ್ನೋದು ಇದನ್ನೇ. ಅರ್ಧರ್ಧ ಗಂಟೆಯ ಎರಡು ಬದಿಯಿರುವ ಒಂದು 60 ನಿಮಿಷದ ಕ್ಯಾಸೆಟ್ಟನ್ನು ಆಡಾಸಿಟಿ ಅನ್ನೋ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಹಾಗೇ ರೆಕಾರ್ಡ್ ಮಾಡಿದರೆ ಸುಮಾರು 635 ಎಂಬಿ. ಅದೇ 320 ಕೆಬಿಪಿಎಸ್ ಎಂಪಿ3 ಮಾಡಿದರೆ 144 ಎಂಬಿ, 128ರ ಓಪಸ್ (ಎಂಪಿ3ಯ ಹಾಗೇ ಕುಗ್ಗಿಸುವ ಹೊಸ ಫಾರ್ಮ್ಯಾಟು) ಮಾಡಿದರೆ 58. ಫ್ಲ್ಯಾಕ್ ಒಂದು ಬಿಟ್ಟನ್ನೂ ಕಳೆಯದೆ ಕುಗ್ಗಿಸುತ್ತೆ, ಸಾಮಾನ್ಯವಾಗಿ ಅರ್ಧಕ್ಕೆ ತರುತ್ತೆ ಅಂತಾರೆ. ಕ್ಯಾಸೆಟ್ಟಿನ ವಿಷಯದಲ್ಲಿ ಅಷ್ಟು ನಿರೀಕ್ಷೆ ಬೇಡ. ಟೇಪಿನ ಹಿಂದೆ ಸದಾ ಇರುವ 'ಸ್ಸ್' ಅನ್ನೋ ಸದ್ದಿಗೆ ಯಾವ ಕ್ರಮವೂ ಇಲ್ಲ, ಕ್ರಮವಿಲ್ಲದ್ದನ್ನು ಏನೂ ಕಳೆಯದೆ ಕುಗ್ಗಿಸೋದು ಕಷ್ಟ. ಹಾಗಾಗಿ ಹಳೇ ಭಾವಗೀತೆಯ ಕ್ಯಾಸೆಟ್ಟಿಗೆ, ಅದರಲ್ಲಿ ಇರೋದೇ ಒಂದು ಹಾರ್ಮೋನಿಯಂ, ಒಂದು ತಬಲಾ, ಒಂದು ಗಂಟಲು ಆದರೂ, ಅಂದುಕೊಂಡದ್ದಕ್ಕಿಂತ ದೊಡ್ಡ ಫೈಲು ಸಿಗುತ್ತೆ. ಆ ಸದ್ದನ್ನು ಉಳಿಸೋಕೆ ನಾವು ಹಾರ್ಡ್ ಡಿಸ್ಕ್ ಬಾಡಿಗೆ ಕೊಡ್ತಿದ್ದೀವಿ ಅನ್ನಿ.

ಈಗ ಕಿವಿಯ ಪರೀಕ್ಷೆ. ವಿಂಡೋಸಿನ ಫೂಬಾರ್2000 ಪ್ಲೇಯರ್‌ಗೆ ಎಬಿಎಕ್ಸ್ ಅನ್ನೋ ಒಂದು ಜೋಡಣೆ ಸಿಗುತ್ತೆ. ಎ ಮತ್ತು ಬಿ ಎರಡು ಫೈಲು, ಎಕ್ಸ್ ಆ ಎರಡರಲ್ಲಿ ಯಾವುದೋ ಒಂದು. ಯಾವುದೆಂದು ಕೇಳಿ ಹೇಳಬೇಕು. ಫಲಿತಾಂಶವನ್ನು ಕೊನೆಯಲ್ಲಿ ತೋರಿಸುತ್ತೆ, ನಡುವೆ ಕಣ್ಣು ಹಾಯಿಸಿ ಮೋಸ ಮಾಡೋಕೆ ಅವಕಾಶ ಇಲ್ಲ. ಫ್ಲ್ಯಾಕ್ ಒಂದು ಕಡೆ, ಅದರಿಂದಲೇ ಲೇಮ್ ಅನ್ನೋ, ಎಂಪಿ3 ತಯಾರಿಸುವ ಎನ್‌ಕೋಡರ್‌ನಲ್ಲಿ ಮಾಡಿದ 320 ಎಂಪಿ3 ಇನ್ನೊಂದು ಕಡೆ ಇಟ್ಟು ಕೇಳಿದೆ. ಸಿನಿಮಾ ಹಾಡು, ಸುಗಮ ಸಂಗೀತ, ವೀಣೆ, ಏನೇ ಹಾಕಿದರೂ ನನ್ನ ಉತ್ತರ ನಾಣ್ಯ ಚಿಮ್ಮಿ ಹೇಳಿದಷ್ಟೇ ಸರಿ. ಫ್ಲ್ಯಾಕ್ ಬಿಟ್ಟು ಮುಟ್ಟದ ಗೆಳೆಯನನ್ನೂ ಕೂರಿಸಿದೆ. ಅವನದೂ ಅದೇ ಕತೆ. ಅವನು ಹೆಡ್‌ಫೋನಿನ ಮೇಲೆ ತಪ್ಪು ಹೊರಿಸಿದ. ಪಕ್ಕದ ಕೋಣೆಯಿಂದ ಅಪ್ಪ, "ಒಂದೇ ಸಾಲು ಎಷ್ಟು ಸಲ ಹಾಕ್ತೀಯೋ, ಮುಂದಕ್ಕೆ ಹೋಗು" ಅಂದರು.

128 ಕೆಬಿಪಿಎಸ್‌ಗೆ ಇಳಿದಾಗ ಮಾತ್ರ ಎಂಪಿ3 ಸಿಕ್ಕಿಬೀಳುತ್ತೆ. ಎಲ್ಲಾ ಕಡೆ ಅಲ್ಲ, ಘಟದ ಪೆಟ್ಟಿನಲ್ಲಿ, ಭಜನೆಯ ತಾಳದಲ್ಲಿ. ಎಂಪಿ3 ಧ್ವನಿಯನ್ನು ಪುಟ್ಟ ಪುಟ್ಟ ತುಂಡು ಮಾಡಿ, ಕಿವಿಗೆ ಗೊತ್ತಾಗದ್ದನ್ನು ಎಸೆಯುತ್ತೆ. ಎಸೆದದ್ದರಿಂದ ಆಗುವ ಗದ್ದಲ ಆ ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತೆ. ಪೆಟ್ಟು ತುಂಡಿನ ನಡುವೆ ಬಿದ್ದರೆ, ಪೆಟ್ಟು ಬೀಳೋಕೆ ಮುಂಚಿನ ನಿಶ್ಶಬ್ದದಲ್ಲೂ ಒಂಚೂರು ಸದ್ದು ಸೇರಿಬಿಡುತ್ತೆ. ಇದನ್ನು ಪ್ರೀ-ಎಕೋ ಅಂತಾರೆ. ತಾಳದ 'ಣಂಗ್' ಅನ್ನೋದು 'ಸ್ಣಂಗ್' ಅಂತ ಕೇಳುತ್ತೆ. ಒಮ್ಮೆ ಗುರುತು ಹಿಡಿದರೆ ಮುಗೀತು, ಆಮೇಲೆ ಅದೇ ಕಿವಿಗೆ ಬೀಳ್ತಿರುತ್ತೆ. 2012ರಲ್ಲಿ ಮಾನಕವಾಗಿ ಬಂದ ಓಪಸ್ ಅದೇ 128ರಲ್ಲಿ ಇದನ್ನು ಎಷ್ಟೋ ಚೆನ್ನಾಗಿ ನಿಭಾಯಿಸುತ್ತೆ. 96ಕ್ಕೆ ಇಳಿಸಿದರೂ ನನಗೆ ಫ್ಲ್ಯಾಕ್‌ನಿಂದ ಬೇರೆ ಮಾಡಿ ಹೇಳೋಕೆ ಒದ್ದಾಟವಾಯಿತು. ನಮ್ಮ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜಿನ ಒಳಗೆ ಇರೋದೂ ಇದೇ ಓಪಸ್, ಆದರೆ ಅಲ್ಲಿ ಬಿಟ್‌ರೇಟ್ ತೀರಾ ಕಡಿಮೆ. ಆ ಸದ್ದು ಕೇಳಿ ಓಪಸ್ ಬಗ್ಗೆ ಅಭಿಪ್ರಾಯ ಕಟ್ಟಬೇಡಿ.

ಕಛೇರಿ ಕೇಳುವವರಿಗೆ ಇನ್ನೊಂದು ತಕರಾರು ಇದೆ. ಆಲಾಪನೆ ಒಂದು ಟ್ರ್ಯಾಕು, ಕೃತಿ ಒಂದು ಟ್ರ್ಯಾಕು ಅಂತ ಸಿ.ಡಿ.ಯಲ್ಲಿ ಕತ್ತರಿಸಿರುತ್ತಾರೆ, ಆದರೆ ತಂಬೂರಿ ನಡುವೆ ನಿಂತಿರೋದಿಲ್ಲ. ಎಂಪಿ3 ಮಾಡಿದಾಗ ಫೈಲಿನ ಹಿಂದೆ ಮುಂದೆ ಸ್ವಲ್ಪ ಖಾಲಿ ಜಾಗ ಸೇರಿಕೊಳ್ಳುತ್ತೆ. ಎಷ್ಟು ಖಾಲಿ ಅಂತ ಲೇಮ್ ಫೈಲಿನಲ್ಲೇ ಬರೆದಿಡುತ್ತೆ, ಅದನ್ನು ಓದುವ ಪ್ಲೇಯರ್ ಆದರೆ ಸರಾಗ. ಓದದಿದ್ದರೆ ತಂಬೂರಿ ಒಂದು ಕ್ಷಣ ಉಸಿರು ಕಟ್ಟಿ ಮತ್ತೆ ಶುರುವಾಗುತ್ತೆ. ಫ್ಲ್ಯಾಕ್‌ನಲ್ಲಿ ಈ ಖಾಲಿಯೇ ಸೇರೋದಿಲ್ಲ. ಓಪಸ್‌ನಲ್ಲಿ ಎಷ್ಟು ಬಿಡಬೇಕು ಅನ್ನೋದು ಫಾರ್ಮ್ಯಾಟಿನ ನಿಯಮದಲ್ಲೇ ಇದೆ.

ಇಷ್ಟು ಕೇಳಿ ಯಾರಾದರೂ ತಮ್ಮ ಮೆಮೊರಿ ಕಾರ್ಡಿನ '320' ಫೈಲುಗಳ ಬಗ್ಗೆ ಹೆಮ್ಮೆ ಪಟ್ಟರೆ, ಸ್ಪೆಕ್ ಅನ್ನೋ ಉಚಿತ ತಂತ್ರಾಂಶದಲ್ಲಿ ಒಂದು ಸಲ ತೆರೆದು ನೋಡಿ. ಧ್ವನಿಯ ಕಂಪನಾಂಕಗಳನ್ನು ಬಣ್ಣದಲ್ಲಿ ಬಿಡಿಸಿ ತೋರಿಸುತ್ತೆ. ನಿಜವಾದ 320ರಲ್ಲಿ ಬಣ್ಣ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಹೋಗಿರುತ್ತೆ. ಅಂಗಡಿಯಲ್ಲಿ ಕಾರ್ಡಿಗೆ ತುಂಬಿಸಿಕೊಟ್ಟ ಹಾಡುಗಳನ್ನು ತೆರೆದರೆ ಎಷ್ಟೋ ಫೈಲುಗಳಲ್ಲಿ 16 ಕಿಲೋಹರ್ಟ್ಸ್ ಹತ್ತಿರ ಗೆರೆ ಎಳೆದ ಹಾಗೆ ಕತ್ತಲು. 128ರ ಫೈಲನ್ನೇ ಯಾರೋ ಮತ್ತೆ 320ಕ್ಕೆ ಏರಿಸಿಟ್ಟಿದ್ದಾರೆ. ಗಾತ್ರ ದೊಡ್ಡದಾಯಿತು, ಕಳೆದದ್ದು ವಾಪಸ್ ಬರಲಿಲ್ಲ. ಹಾಗಂತ ಹಳೇ ಕ್ಯಾಸೆಟ್ಟಿನಿಂದ ಬಂದ ಹಾಡಿಗೂ ಮೇಲಿನ ಭಾಗ ಖಾಲಿಯೇ ಇರಬಹುದು, ಅದನ್ನು ನೋಡಿ ಮೋಸ ಅನ್ನಬೇಡಿ.

ನನ್ನ ವ್ಯವಸ್ಥೆ ಹೀಗೆ ನಿಂತಿದೆ. ಮನೆಯ ಹಾರ್ಡ್ ಡಿಸ್ಕಿನಲ್ಲಿ ಫ್ಲ್ಯಾಕ್. ಕಿವಿಗೆ ವ್ಯತ್ಯಾಸ ಸಿಗದಿದ್ದರೂ ಯಾಕೆ ಅಂದರೆ, ನಾಳೆ ಓಪಸ್‌ಗಿಂತ ಒಳ್ಳೇದು ಬಂದರೆ ಅದಕ್ಕೆ ಇಲ್ಲಿಂದ ಬದಲಿಸಬಹುದು, ಕ್ಯಾಸೆಟ್ಟನ್ನು ಮತ್ತೆ ಸುತ್ತಬೇಕಿಲ್ಲ. ಫೋನಿನಲ್ಲಿ ಓಪಸ್. ಹಳದಿ ಮೆಟ್ರೊ ಹತ್ತಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವಾಗ ಕಿವಿಯಲ್ಲಿರೋದು ಬ್ಲೂಟೂತ್. ಅದು ಸಾಮಾನ್ಯವಾಗಿ ಎಸ್‌ಬಿಸಿ ಇಲ್ಲವೇ ಎಎಸಿ ಅನ್ನೋ ಫಾರ್ಮ್ಯಾಟಿಗೆ ಹಾಡನ್ನು ಮತ್ತೊಮ್ಮೆ ಹಿಂಡಿಯೇ ಕಳಿಸುತ್ತೆ. ಅಲ್ಲಿಗೆ ಫ್ಲ್ಯಾಕ್ ಒಯ್ಯೋದು ಶೋಕಿ. ಕಾರಿನ ಸ್ಟೀರಿಯೊಗೆ ಮಾತ್ರ ಎಂಪಿ3. ಅಪ್ಪನ ಕಾರಿನದು ಬೇರೆ ಯಾವುದನ್ನೂ ಮೂಸಿಯೂ ನೋಡಲ್ಲ. ಎಂಪಿ3ಯ ಪೇಟೆಂಟುಗಳು ಮುಗಿದು, ಫ್ರಾನ್‌ಹೋಫರ್ ಸಂಸ್ಥೆ 2017ರಲ್ಲಿ ಪರವಾನಗಿ ಕೊಡೋದನ್ನು ನಿಲ್ಲಿಸಿದಾಗ 'ಎಂಪಿ3 ಸತ್ತಿತು' ಅಂತ ಸುದ್ದಿ ಹಬ್ಬಿತ್ತು. ಸತ್ತದ್ದು ರಾಯಧನ. ಪೆನ್‌ಡ್ರೈವ್ ಹಾಕಿದರೆ ಎಲ್ಲಾ ಕಡೆ ಹಾಡೋದು ಇವತ್ತಿಗೂ ಅದೊಂದೇ.

ಪ್ಲೇಯರ್ ಕಡೆಗೆ ಬರೋಣ. ನಾನು ಎದುರುಬದುರು ಇಟ್ಟದ್ದು ಫೂಬಾರ್2000, ವಿಎಲ್‌ಸಿ, ಲಿನಕ್ಸಿನಲ್ಲಿ ಸ್ಟ್ರಾಬೆರಿ. 1997ರ ವಿನ್ಆ್ಯಂಪನ್ನು ಆಸೆಗೆ ಹಾಕಿ ನೋಡಿದೆ. ಅದರ ಹಳೇ ಸ್ಕಿನ್‌ನಲ್ಲಿ ಅಕ್ಷರಗಳೆಲ್ಲ ಒಂದು ಪುಟ್ಟ ಚಿತ್ರದಿಂದ ಕತ್ತರಿಸಿ ತೆಗೆದವು, ಆ ಚಿತ್ರದಲ್ಲಿ ಕನ್ನಡ ಎಲ್ಲಿಂದ ಬರಬೇಕು? ನೋಡೋಕೆ ಮುದ್ದಾಗಿದೆ, ಅಷ್ಟೇ.

ವಿಎಲ್‌ಸಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ಯಾರಿಸಿನ ಕಾಲೇಜು ಹುಡುಗರ ಕೆಲಸವಾಗಿ 1996ರಲ್ಲಿ ಶುರುವಾದದ್ದು, ಯಾವ ಫೈಲು ಕೊಟ್ಟರೂ ಹಾಡುತ್ತೆ. 2022ರಲ್ಲಿ ತಿಂಗಳುಗಟ್ಟಲೆ ಅದರ ಜಾಲತಾಣವೇ ನಮ್ಮ ದೇಶದಲ್ಲಿ ತೆರೆಯುತ್ತಿರಲಿಲ್ಲ, ನವೆಂಬರಿನಲ್ಲಿ ಸರಿಯಾಯಿತು. ಒಂದೊಂದೇ ಫೈಲು ತೆರೆದು ನೋಡೋಕೆ ಇದಕ್ಕಿಂತ ಬೇರೆ ಬೇಡ. ಆದರೆ ಸಾವಿರಾರು ಹಾಡಿನ ಸಂಗ್ರಹವನ್ನು ರಾಗ, ಗಾಯಕ, ವಾಗ್ಗೇಯಕಾರ ಅಂತ ಬೇರೆ ಬೇರೆಯಾಗಿ ಜೋಡಿಸಿ ನೋಡೋ ಕೆಲಸಕ್ಕೆ ಅದನ್ನು ಮಾಡಿದ್ದಲ್ಲ.

ಆ ಕೆಲಸಕ್ಕೆ ಟ್ಯಾಗ್, ಅಂದರೆ ಹಾಡು, ಗಾಯಕ ಅಂತ ಫೈಲಿನೊಳಗೇ ಬರೆದಿಡುವ ವಿವರ, ಸರಿ ಇರಬೇಕು, ಗೋಳು ಶುರುವಾಗೋದು ಅಲ್ಲೇ. ಸಿಕ್ಕ ಫೈಲುಗಳಲ್ಲಿ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. 'ಟಿ' ಪಕ್ಕ 'ಎಚ್' ಇದ್ದರೆ ಒಬ್ಬ ಗಾಯಕ, ಇಲ್ಲದಿದ್ದರೆ ಇನ್ನೊಬ್ಬ. ಪುರಂದರದಾಸರು ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು ಪದ, ಮತ್ತೊಂದು ಕಡೆ 'ಡಿ'ಗೆ 'ಎಚ್' ಅಂಟಿಕೊಂಡಿದೆ. ಪ್ಲೇಯರ್ ಲೆಕ್ಕದಲ್ಲಿ ಅವರು ಮೂವರು. ಎಲ್ಲವನ್ನೂ ಕನ್ನಡದಲ್ಲಿ ಬರೆದುಬಿಡೋಣ ಅಂತ ಕೂತೆ. ಎಂಪಿ3ಗೆ ಬಳಸುವ ಐಡಿ3 ಅನ್ನೋ ಟ್ಯಾಗ್ ಪದ್ಧತಿಯ 1996ರ ಮೊದಲ ರೂಪದಲ್ಲಿ ಹಾಡಿನ ಹೆಸರಿಗೆ ಇರೋದು 30 ಬೈಟ್. ಎಲ್ಲಾ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಯುಟಿಎಫ್-8 ಅನ್ನೋ ರೀತಿಯಲ್ಲಿ ಬರೆದರೆ 'ಸ್ತ್ರೀ' ಅನ್ನೋ ಒಂದೇ ಅಕ್ಷರ 18 ಬೈಟ್ ತಿನ್ನುತ್ತೆ: ಸ, ಒತ್ತಿನ ಗುರುತು, ತ, ಮತ್ತೆ ಒತ್ತಿನ ಗುರುತು, ರ, ದೀರ್ಘದ ಈ, ತಲಾ ಮೂರು. ಇಂಥ ಎರಡನೇ ಅಕ್ಷರಕ್ಕೇ ಜಾಗ ಸಾಲದು. ಐಡಿ3ಯ ಎರಡನೇ ಆವೃತ್ತಿಯಲ್ಲಿ ಯೂನಿಕೋಡ್ ಬಂತು, ಆದರೆ ಹಳೇ ಟ್ಯಾಗು ಫೈಲಿನ ಬಾಲದಲ್ಲಿ ಹಾಗೇ ಕೂತಿದ್ದರೆ ಕಾರಿನ ಸ್ಟೀರಿಯೊ ಅದನ್ನೇ ಓದಬಹುದು. ಫ್ಲ್ಯಾಕ್ ಮತ್ತು ಓಪಸ್‌ನಲ್ಲಿ ಈ ರಗಳೆಯೇ ಇಲ್ಲ, ಟ್ಯಾಗೆಲ್ಲ ಮೊದಲಿನಿಂದಲೂ ಯುಟಿಎಫ್-8. ಕನ್ನಡದವನಿಗೆ ಎಂಪಿ3 ಬಿಡೋಕೆ ನನ್ನ ಪ್ರಕಾರ ಪ್ರೀ-ಎಕೋಗಿಂತ ಇದೇ ದೊಡ್ಡ ಕಾರಣ.

ಇನ್ನೂ ಒಂದು ಕಾಟ. 'ಕೊಳಲು' ಅಂತ ಹುಡುಕಿದರೆ ಕಣ್ಣೆದುರಿಗೆ ಇರುವ 'ಕೊಳಲು' ಸಿಗಲಿಲ್ಲ. ಒಕಾರದ ಗುಣಿತಕ್ಕೆ ಯೂನಿಕೋಡಿನಲ್ಲಿ ಒಂದೇ ಸಂಕೇತವೂ ಇದೆ, ಎಕಾರ ಮತ್ತು ದೀರ್ಘ ಊಕಾರದ ಗುರುತುಗಳನ್ನು ಸೇರಿಸಿಯೂ ಅದನ್ನೇ ಮೂಡಿಸಬಹುದು. ತೆರೆಯ ಮೇಲೆ ಎರಡೂ ಒಂದೇ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ತಂತ್ರಾಂಶ ಆದರೆ ಸಿಗುತ್ತೆ, ಬರೀ ಸಂಕೇತ ನೋಡಿದರೆ 'ಇಲ್ಲ' ಅನ್ನುತ್ತೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ, ಟ್ಯಾಗ್ ತಿದ್ದುವ ಮ್ಯುಟಾಜೆನ್ ಲೈಬ್ರರಿ ಬಳಸಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು, ಎಲ್ಲಾ ಟ್ಯಾಗುಗಳನ್ನು ಒಂದೇ ರೂಪಕ್ಕೆ ತಂದ ಮೇಲೆ ಸಮಾಧಾನ. ಇದನ್ನು ಯಾವ ಪ್ಲೇಯರೂ ನಿಮಗಾಗಿ ಮಾಡುತ್ತೆ ಅಂತ ಕಾಯಬೇಡಿ.

ಟ್ಯಾಗ್ ಶುದ್ಧವಾದ ಮೇಲೆ ಫೂಬಾರ್2000 ಎದುರು ಬೇರೆಯವು ಮಂಕಾದವು. ನೋಡೋಕೆ ಲೆಕ್ಕಪತ್ರದ ಹಾಗೆ ಒಣ ಒಣ. ಮೊದಲ ವಾರ ಎಲ್ಲಿ ಏನಿದೆ ಅಂತಲೇ ತಿಳಿಯಲ್ಲ. ಆದರೆ 'ರಾಗ' ಅಂತ ನನ್ನದೇ ಒಂದು ಟ್ಯಾಗು ಸೇರಿಸಿ, ಕಲ್ಯಾಣಿ ರಾಗದ್ದು, ಹತ್ತು ನಿಮಿಷಕ್ಕಿಂತ ಉದ್ದದ್ದು, ಪಿಟೀಲು ಇರೋದು ಕೊಡು ಅಂದರೆ ಟೈಪ್ ಮಾಡಿ ಮುಗಿಸೋದರೊಳಗೆ ಪಟ್ಟಿ ಮುಂದಿರುತ್ತೆ, ಈ 4 ಜಿಬಿ ಯಂತ್ರದಲ್ಲೂ. ರಿಪ್ಲೇಗೇನ್ ಅನ್ನೋ ಸೌಲಭ್ಯ ಹಾಡಿನ ಗಟ್ಟಿತನ ಅಳೆದು ಟ್ಯಾಗಿನಲ್ಲಿ ಬರೆದಿಡುತ್ತೆ, ಅದನ್ನು ನೋಡಿ ಪ್ಲೇಯರ್ ಎಲ್ಲಾ ಹಾಡಿನ ಸದ್ದನ್ನೂ ಒಂದೇ ಮಟ್ಟಕ್ಕೆ ತರುತ್ತೆ. ಮೆಲ್ಲಗಿನ ಕ್ಯಾಸೆಟ್ ಭಾವಗೀತೆ ಮುಗಿದು ಹೊಸ ಸಿನಿಮಾ ಹಾಡು ಶುರುವಾದಾಗ ಅಮ್ಮ ಅಡುಗೆಮನೆಯಿಂದ ಕೂಗಬೇಕಾಗಿಲ್ಲ.

ಸ್ಟ್ರಾಬೆರಿ ಎರಡನೇದು, ತೀರಾ ಹತ್ತಿರದ ಎರಡನೇದು. ಕ್ಲೆಮೆಂಟೈನ್ ಪ್ಲೇಯರಿನಿಂದ ಕವಲೊಡೆದ ಮುಕ್ತ ತಂತ್ರಾಂಶ. ಫೂಬಾರ್ ಪುಕ್ಕಟೆ ಆದರೂ ಅದರ ಮೂಲಸಂಕೇತ ತೆರೆದಿಲ್ಲ, ಇದರದ್ದು ತೆರೆದಿದೆ. ಕನ್ನಡ ಒತ್ತಕ್ಷರಗಳು ಇದರಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಲಿನಕ್ಸಿನಲ್ಲಿ ಗುಬ್ಬಿ ಅಥವಾ ನವಿಲು ಫಾಂಟ್ ಹಾಕಿಕೊಂಡರೆ ಪಟ್ಟಿ ಓದೋಕೇ ಖುಷಿ. ಸ್ವಂತದ 'ರಾಗ' ಟ್ಯಾಗಿನ ಆಟ ಮಾತ್ರ ಇಲ್ಲಿ ಫೂಬಾರ್‌ನಷ್ಟು ಸಲೀಸಲ್ಲ. ಶಾಸ್ತ್ರೀಯ ಸಂಗೀತದ ಗೀಳು ಇಲ್ಲದವರಿಗೆ ಸ್ಟ್ರಾಬೆರಿಯನ್ನೇ ಮೊದಲು ಹೇಳ್ತೀನಿ.

ಫೋನಿಗೆ ಮ್ಯೂಸಿಕೋಲೆಟ್. ಜಾಹೀರಾತಿಲ್ಲ, ಇಂಟರ್ನೆಟ್ಟಿನ ಅನುಮತಿಯನ್ನೂ ಕೇಳಲ್ಲ. ಅಷ್ಟು ಸಾಕು.

ಇಷ್ಟೆಲ್ಲ ರಾಮಾಯಣ ಯಾಕೆ, ಸ್ಟ್ರೀಮಿಂಗ್ ಇದೆಯಲ್ಲ ಅನ್ನಬಹುದು. ಇದೆ, ನಾನೂ ಚಂದಾ ಕಟ್ತೀನಿ. ಆ್ಯಪಲ್ ಮ್ಯೂಸಿಕ್ 2021ರಿಂದ ನಷ್ಟವಿಲ್ಲದ ಗುಣಮಟ್ಟವನ್ನು ಹೆಚ್ಚುವರಿ ದುಡ್ಡಿಲ್ಲದೆ ಕೊಡ್ತಿದೆ, ಎಬಿಎಕ್ಸ್ ಮಾಡಿದ ಮೇಲೆ ಅದೇನೂ ನನ್ನನ್ನು ಸೆಳೆಯಲಿಲ್ಲ. ನಾನು ಬಳಸ್ತಿದ್ದ ಒಂದು ಆ್ಯಪು ಬಾಗಿಲು ಹಾಕಿದಾಗ, 'ಡೌನ್‌ಲೋಡ್' ಮಾಡಿಟ್ಟ ಹಾಡುಗಳೂ ಅದರ ಜತೆಗೇ ಹೋದವು. ಅವು ಆ ಆ್ಯಪಿನೊಳಗೆ ಮಾತ್ರ ತೆರೆಯುವ ಫೈಲುಗಳು. ಶುಕ್ರವಾರ ಬಿಡುಗಡೆಯಾದ ಸಿನಿಮಾದ ಹಾಡು ಕೇಳೋಕೆ ಸ್ಟ್ರೀಮಿಂಗೇ ಸರಿ. ಅಪ್ಪನ ಕ್ಯಾಸೆಟ್ಟಿನಲ್ಲಿರುವ ದಾಸರ ಪದಗಳಲ್ಲಿ ಅರ್ಧದಷ್ಟು ಅಲ್ಲಿ ಸಿಗಲೇ ಇಲ್ಲ. ಅವನ್ನು ಭಾನುವಾರಕ್ಕೊಂದರಂತೆ ಆಡಾಸಿಟಿಗೆ ಇಳಿಸ್ತಾ ಇದ್ದೀನಿ, ಇನ್ನೂ ಎರಡು ಡಬ್ಬ ಬಾಕಿ ಇದೆ.