ನೆಗಡಿಗೆ ಆಂಟಿಬಯೋಟಿಕ್ ಬರೆದುಕೊಟ್ಟರೆ ಕೇಳದೆ ಎದ್ದು ಬರಬೇಡಿ

ಕೋಲಾರದ ತಾಯಂದಿರು ದಯವಿಟ್ಟು ಓದಿ. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ.

ಆರು ವರ್ಷದ ಮಗಳಿಗೆ ನೆಗಡಿ, ಕೆಮ್ಮು, ಸಣ್ಣ ಜ್ವರ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ, ಬಾಯಿ ತೆರೆಸಿ ಗಂಟಲು ನೋಡಲಿಲ್ಲ. ನಾನು ಹೇಳಿ ಮುಗಿಸುವ ಮೊದಲೇ ಚೀಟಿ ಸಿದ್ಧವಾಗಿತ್ತು.

ಪಕ್ಕದ ಔಷಧಿ ಅಂಗಡಿಯಲ್ಲೇ ನನಗೆ ಹೊಳೆಯಬೇಕಿತ್ತು. ಮುಂದೆ ನಿಂತಿದ್ದ ಅಜ್ಜನಿಗೆ ಕೆಮ್ಮು, ಕಾಲೇಜು ಹುಡುಗನಿಗೆ ಗಂಟಲು ನೋವು, ನನ್ನ ಮಗಳಿಗೆ ನೆಗಡಿ. ಮೂವರಿಗೂ ಸೆಫಿಕ್ಸೈಮ್ ಎಂಬ ಅದೇ ಆಂಟಿಬಯೋಟಿಕ್! ಅವರಿಗೆ ಮಾತ್ರೆ, ಇವಳಿಗೆ ಕುದಿಸಿ ಆರಿಸಿದ ನೀರು ಹಾಕಿ ಕಲಕುವ ಪುಡಿಯ ಬಾಟಲಿ. ಅಂಗಡಿಯವನು ಚೀಟಿ ಓದುವ ಮೊದಲೇ ಬಾಟಲಿ ತೆಗೆದಿಟ್ಟ. ಓದುವ ಮೊದಲೇ! ಆದರೂ ದುಡ್ಡು ಕೊಟ್ಟು ಬಂದೆ.

ಎರಡನೇ ದಿನ ಭೇದಿ ಶುರುವಾಯಿತು. ಮೂರನೇ ದಿನ ಮಗು ಎದ್ದು ನಿಲ್ಲಲಾರದಾಯಿತು. ಬೇರೊಬ್ಬ ಮಕ್ಕಳ ವೈದ್ಯೆ ಕಿವಿ, ಗಂಟಲು, ಎದೆ ಎಲ್ಲವನ್ನೂ ಪರೀಕ್ಷಿಸಿ, "ಇದು ವೈರಸ್ಸಿನಿಂದ ಬಂದ ನೆಗಡಿಯಮ್ಮ, ಇದಕ್ಕೆ ಆ ಔಷಧಿ ಕೆಲಸವನ್ನೇ ಮಾಡುವುದಿಲ್ಲ" ಎಂದರು. ಔಷಧಿ ನಿಲ್ಲಿಸಿ ಓಆರ್‌ಎಸ್ ಕುಡಿಸಲು ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ನಿಗಾ ಇಟ್ಟು ಬಳಸಬೇಕೆಂದು ಪಟ್ಟಿ ಮಾಡಿದ ಔಷಧಿಗಳಲ್ಲಿ ಇದೂ ಒಂದಂತೆ. ಅದನ್ನು ನೆಗಡಿಗೆ!

ಬಾಟಲಿ ಹಿಡಿದು ಮೊದಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. "ಜ್ವರ ಇಳಿಯಿತಲ್ಲಮ್ಮ, ಮತ್ತೇನು?" ಎಂದರು. ಏಕೆ ಕೊಟ್ಟಿರೆಂದು ಚೀಟಿಯಲ್ಲಿ ಬರೆಯಿರಿ ಎಂದೆ. ಹಾಗೆ ಕಾರಣ ಬರೆಯಬೇಕೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೇ 2024ರ ಜನವರಿಯಲ್ಲಿ ವೈದ್ಯರಿಗೆ ಹೇಳಿದೆ. "ಆಂಟಿಬಯೋಟಿಕ್ ಬರೆಯದಿದ್ದರೆ ನೀವೇ ಬೇರೆ ಡಾಕ್ಟರ ಹತ್ತಿರ ಓಡುತ್ತೀರಿ" ಎಂದು ಉಳಿದ ರೋಗಿಗಳ ಎದುರಿಗೇ ನಕ್ಕರು. ಆಮೇಲಿನ ಮಾತು ಇನ್ನೂ ಚುಚ್ಚುತ್ತಿದೆ: "ಸೋಮವಾರ ಪರೀಕ್ಷೆ ಇದೆ, ಬೇಗ ವಾಸಿಯಾಗುವಂಥದ್ದು ಕೊಡಿ ಎಂದವರು ನೀವೇ ತಾನೇ?"

ಹೌದು, ಹೇಳಿದ್ದೆ. ಯಾವ ತಾಯಿ ಹೇಳುವುದಿಲ್ಲ? ಬೇಡ ಎನ್ನಬೇಕಾದವರು ಅವರಲ್ಲವೇ?

ಅಂಗಡಿಯವನದು ಇನ್ನೊಂದು ಕಥೆ. 2014ರಿಂದ ಈ ಔಷಧಿ ಎಚ್1 ಎಂಬ, ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮವಿರುವ ಸರ್ಕಾರಿ ಪಟ್ಟಿಯಲ್ಲಿದೆ. ಯಾರಿಗೆ ಕೊಟ್ಟೆವು, ಯಾವ ವೈದ್ಯರು ಬರೆದರು ಎಂದು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟಿರಬೇಕು. ಮಗಳ ಹೆಸರು ತೋರಿಸಿ ಎಂದರೆ, "ಅದನ್ನೆಲ್ಲ ಕೊನೆಗೆ ಒಟ್ಟಿಗೆ ಬರೆಯುತ್ತೇವೆ ಮೇಡಂ" ಎಂದ.

ಕುರ್ಚಿಯಿಂದ ಏಳುವ ಮೊದಲು ಕೇಳಿ: ಇದರಲ್ಲಿ ಆಂಟಿಬಯೋಟಿಕ್ ಯಾವುದು, ಏಕೆ? ಉತ್ತರ ಕೊಡದಿದ್ದರೆ ಬೇರೆಯವರಿಗೆ ತೋರಿಸಿ. ಪರೀಕ್ಷಿಸಿ, ಕಾರಣ ಹೇಳಿ ಕೊಟ್ಟರೆ ಮಾತ್ರ ಅವರು ಹೇಳಿದಷ್ಟು ದಿನ ತಪ್ಪದೆ ಕುಡಿಸಿ.

ನಿನ್ನೆ ಪಕ್ಕದ ಮನೆಯವರು, "ಆ ಬಾಟಲಿ ಉಳಿದಿದೆಯಾ? ನಮ್ಮ ಹುಡುಗನಿಗೂ ನೆಗಡಿ" ಎಂದು ಕೇಳಿಕೊಂಡು ಬಂದಿದ್ದರು. ಕೊಡಲಿಲ್ಲ. ಕೂರಿಸಿಕೊಂಡು ಇದನ್ನೆಲ್ಲ ಹೇಳಿ ಕಳಿಸಿದೆ.