ಎಲ್ಲಕ್ಕೂ ‘ದ್ವೇಷಿಸು’ ಅನ್ನುವ ಪಾಕೆಟ್ ಡಿಕ್ಷನರಿ

ತುಮಕೂರಿನ ಎಂ.ಜಿ. ರಸ್ತೆಯ ಪುಸ್ತಕದಂಗಡಿಯಲ್ಲಿ 150 ರೂಪಾಯಿ ಕೊಟ್ಟು ತಂದ ಇಂಗ್ಲಿಷ್-ಕನ್ನಡ ಡಿಕ್ಷನರಿ ಇದು. ಪ್ರಕಾಶಕರ ಹೆಸರು ಬೇಡ ಬಿಡಿ. ಮನೇಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಮಾಡುವ ನನಗೆ ಇಂಥದ್ದೊಂದು ಟೇಬಲ್ ಮೇಲೆ ಇರಲೇಬೇಕು. ಬೈಂಡಿಂಗ್ ಗಟ್ಟಿ, ಅಕ್ಷರ ದಪ್ಪ. ತರಕಾರಿ, ಹಕ್ಕಿ, ಕಾಯಿಲೆ, ಕೋರ್ಟು-ಕಚೇರಿ ಪದಗಳಿಗೆ ಚೆನ್ನಾಗಿದೆ.

ಕೈಕೊಡೋದು ಸಿಟ್ಟು-ಸೆಡವಿನ ಪದಗಳಲ್ಲಿ. ‘ಹೇಟ್’ ತೆಗೆದರೆ ‘ದ್ವೇಷಿಸು’. ಡಿಟೆಸ್ಟ್, ಲೋದ್, ಅಬ್‌ಹಾರ್ ಎಲ್ಲಕ್ಕೂ ಅದೇ ‘ದ್ವೇಷಿಸು’. ಇದನ್ನು ನಂಬಿಕೊಂಡು ಒಬ್ಬ ಹುಡುಗ ‘ಐ ಆಮ್ ಅಬ್‌ಹಾರಿಂಗ್ ಬ್ರಿಂಜಾಲ್’ ಅಂತ ಬರೆದು ತಂದ.

“ಯಾಕೋ, ಬದನೆಕಾಯಿ ನಿಂಗೇನು ಮಾಡ್ತು?” ಅಂದೆ.

“ಮಿಸ್, ಬುಕ್ಕಲ್ಲೇ ಇದೆ ನೋಡಿ!”

ಇತ್ತು, ಏನನ್ನೋದು? ಬದನೆಕಾಯಿಗೆ ‘ಹೇಟ್’ ಧಾರಾಳವಾಯ್ತು. ಜಾತಿ ನೋಡಿ ನೀರು ಕೊಡೋದು, ಕೆಲಸದ ಮಗುವಿಗೆ ಬರೆ ಹಾಕೋದು, ಅಂಥದ್ದಕ್ಕೆ ಅಬ್‌ಹಾರ್. ಅದನ್ನು ‘ಇಂಗ್’ ಹಚ್ಚಿ ಹೇಳೋ ರೂಢಿಯೂ ಇಲ್ಲ, ‘ಐ ಅಬ್‌ಹಾರ್’ ಅಂದರೆ ಮುಗೀತು. ‘ಅಬ್‌ಹಾರ್ಡ್’ ಬರೆಯುವಾಗ ‘ಆರ್’ ಎರಡು ಬೇಕು ಅನ್ನೋದನ್ನೂ ಪುಸ್ತಕ ಹೇಳಲ್ಲ.

ಲ್ಯಾಟಿನ್ನಿನಲ್ಲಿ ‘ಅಬ್’ ಅಂದರೆ ದೂರ, ‘ಹೊರೇರೆ’ ಅಂದರೆ ಮೈ ನವಿರೇಳು, ನಡುಗು. ಹಾರರ್ ಸಿನಿಮಾದ ‘ಹಾರರ್’ ಕೂಡ ಅಲ್ಲಿಂದಲೇ ಬಂದದ್ದು. ದ್ವೇಷ ಇದ್ದವನು ಎದುರಾಳಿಯ ಬೆನ್ನು ಬೀಳುತ್ತಾನೆ, ಇಲ್ಲಿ ಮನುಷ್ಯ ಮೈ ಜುಮ್ಮೆಂದು ಹಿಂದೆ ಸರಿಯುತ್ತಾನೆ. ಇದಕ್ಕೆ ನಮ್ಮಲ್ಲಿ ‘ಹೇಸು’ ಇದೆಯಲ್ಲ! ‘ಕೊಲೆಗೂ ಹೇಸದವನು’ ಅಂತ ಪೇಪರಿನಲ್ಲಿ ಓದ್ತಾನೇ ಇರ್ತೀವಿ. ಹೋಗಲಿ, ‘ಅಸಹ್ಯಪಡು’ ಅಂತ ಹಾಕಿದ್ದರೂ ಆಗ್ತಿತ್ತು, ಆ ಸಾಲಿನಲ್ಲಿ ಅರ್ಧ ಜಾಗ ಖಾಲಿ ಬಿದ್ದಿದೆ. (ನಮ್ಮತ್ತೆ ಪಕ್ಕದ ಮನೆಯವರ ಬಗ್ಗೆ “ಅವಳ ನೆರಳು ಕಂಡ್ರೂ ಆಗಲ್ಲ” ಅಂತಾರೆ. ಅದನ್ನು ಡಿಟೆಸ್ಟ್ ಲೆಕ್ಕಕ್ಕೆ ಹಾಕಿಕೊಳ್ಳಬಹುದು.)

ಉದಾಹರಣೆಗೆ ಒಂದೇ ಒಂದು ವಾಕ್ಯವಿಲ್ಲ. ನನ್ನ ದೊಡ್ಡ ತಕರಾರು ಅದೇ.

ಹತ್ತನೇ ಕ್ಲಾಸಿನವರೆಗಿನ ಮಕ್ಕಳಿಗೆ ಕೊಡಿಸಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪಿಯುಸಿ, ಡಿಗ್ರಿ ಮಕ್ಕಳಿಗಾದರೆ ವಾಕ್ಯ ಸಮೇತ ಅರ್ಥ ಕೊಡುವ ದೊಡ್ಡದನ್ನೇ ತಗೊಳ್ಳಿ. ಎರಡು ಪುಸ್ತಕ ಒಟ್ಟಿಗೆ ಕೊಂಡರೆ ಅಂಗಡಿಯವರು ಸ್ವಲ್ಪ ಕಮ್ಮಿ ಮಾಡ್ತಾರೆ, ಆದರೆ ನಾವಾಗಿ ಕೇಳಬೇಕು.