ಆನ್‌ಲೈನ್ ಪೋಸ್ಟ್ ಬೇಸಿಕ್ ಬಿಎಸ್ಸಿ: ಜಿಎನ್‌ಎಂ ನರ್ಸ್‌ಗಳಿಗೆ ಒಂದು ಎಚ್ಚರಿಕೆ

ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಪಡೆದು ಕೆಲಸ ಮಾಡುತ್ತಿರುವ ನರ್ಸ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ‘ಕೆಲಸ ಬಿಡಬೇಕಿಲ್ಲ, ಕಾಲೇಜಿಗೆ ಹೋಗಬೇಕಿಲ್ಲ, ಒಂದೇ ವರ್ಷದಲ್ಲಿ ಆನ್‌ಲೈನ್ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್’ ಎಂಬ ಸಂದೇಶಗಳು ಬರುತ್ತಲೇ ಇರುತ್ತವೆ. ಅಂಥ ಸಂದೇಶ ಕಳಿಸಿದ ಬೆಂಗಳೂರಿನ ಒಂದು ಕಚೇರಿಗೆ ನಾನು ಕಂತುಗಳಲ್ಲಿ 1,10,000 ರೂಪಾಯಿ ಕಟ್ಟಿದೆ. ಹಣ ಹೋದ ಸಂಕಟ ಇದ್ದೇ ಇದೆ. ಆದರೆ ಅವರು ಕೊಟ್ಟ ಪದವಿಪತ್ರವು ನನ್ನ ಇಷ್ಟು ವರ್ಷದ ಸೇವೆಗೇ ಕುತ್ತು ತರುವಂತಿತ್ತು ಎಂಬುದನ್ನು ಮುಖ್ಯವಾಗಿ ತಿಳಿಸಬೇಕಾಗಿದೆ.

ಇಂಥ ಮಾತಿಗೆ ನಮ್ಮವರು ಏಕೆ ಕಿವಿಗೊಡುತ್ತಾರೆ ಎಂಬುದನ್ನು ಮೊದಲು ಹೇಳುತ್ತೇನೆ. ಪೋಸ್ಟ್ ಬೇಸಿಕ್ ಎಂಬುದು ಜಿಎನ್‌ಎಂ ಆದವರು ಬಿಎಸ್ಸಿ ಪದವಿ ಪಡೆಯಲು ಓದುವ ಎರಡು ವರ್ಷದ ಪೂರ್ಣಾವಧಿ ಕೋರ್ಸ್. ಖಾಸಗಿ ಆಸ್ಪತ್ರೆಯಲ್ಲಿ ದುಡಿಯುವವರು ಅದಕ್ಕಾಗಿ ಎರಡು ವರ್ಷದ ಸಂಬಳವನ್ನೇ ಬಿಡಬೇಕಾಗುತ್ತದೆ. ಮನೆ ಬಾಡಿಗೆ, ಮಕ್ಕಳ ಫೀಸು, ಊರಿನ ಸಾಲ ಇವುಗಳ ನಡುವೆ ಅದು ಹೆಚ್ಚಿನವರಿಗೆ ಆಗದ ಮಾತು. ಪದವಿಯಿಲ್ಲದಿದ್ದರೆ ಎಂಎಸ್ಸಿಯ ದಾರಿ ಮುಚ್ಚುತ್ತದೆ. ನರ್ಸ್‌ಗಳ ನೇಮಕಾತಿಗಾಗಿ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಪದವೀಧರರಂತೆ ನೇರವಾಗಿ ಕೂರಲಾಗದೆ, ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವನ್ನು ತೋರಿಸಬೇಕಾಗುತ್ತದೆ. ಇದರ ಮೇಲೆ ‘ಜಿಎನ್‌ಎಂ ಕೋರ್ಸನ್ನೇ ನಿಲ್ಲಿಸುತ್ತಾರಂತೆ’ ಎಂಬ ಸುದ್ದಿ ಹಲವು ವರ್ಷಗಳಿಂದ ಓಡಾಡುತ್ತಿದ್ದು, ಏಜೆಂಟರು ಆ ಭಯವನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಇನ್‌ಚಾರ್ಜ್ ಹುದ್ದೆಗೆ ಪದವಿ ಬೇಕೆಂದು ಕೇಳುವ ಆಸ್ಪತ್ರೆಗಳು ಓದಲು ರಜೆಯನ್ನು ಮಾತ್ರ ಕೊಡುವುದಿಲ್ಲ. ಈ ವ್ಯವಹಾರ ಬೆಳೆಯುವುದಕ್ಕೆ ಅವುಗಳ ಪಾಲೂ ಇದೆ ಎಂದೇ ನನ್ನ ಅಭಿಪ್ರಾಯ.

ಆ ಕಚೇರಿಯವರು ಪ್ರವೇಶದ ಹೊತ್ತಿಗೆ ನನ್ನ ಜಿಎನ್‌ಎಂ ಅಂಕಪಟ್ಟಿಗಳನ್ನೂ ಡಿಪ್ಲೊಮಾವನ್ನೂ ನೋಂದಣಿ ಪ್ರಮಾಣಪತ್ರವನ್ನೂ ‘ವೆರಿಫಿಕೇಶನ್ ಆಗುವವರೆಗೆ’ ಎಂದು ಮೂಲದಲ್ಲೇ ಇಟ್ಟುಕೊಂಡರು. ಓದು ಎಂದರೆ ಕೆಲವು ವಿಡಿಯೊಗಳು, ಮನೆಯಲ್ಲಿ ಬರೆದು ಕಳಿಸುವ ಉತ್ತರಗಳು, ಅಷ್ಟೆ. ಕ್ಲಿನಿಕಲ್ ಪೋಸ್ಟಿಂಗ್ (ಆಸ್ಪತ್ರೆಯಲ್ಲಿ ಪ್ರಾಯೋಗಿಕ ಕಲಿಕೆ) ಯಾವಾಗ ಎಂದು ಕೇಳಿದಾಗಲೆಲ್ಲ, “ನೀವು ಹೇಗೂ ದಿನವಿಡೀ ವಾರ್ಡಿನಲ್ಲೇ ಇರುತ್ತೀರಲ್ಲ ಮೇಡಂ, ಅದೇ ಪ್ರಾಕ್ಟಿಕಲ್” ಎಂಬ ಉತ್ತರ ಬರುತ್ತಿತ್ತು.

ಆ ಉತ್ತರ ಎಷ್ಟು ಸುಳ್ಳೆಂಬುದು ಪಠ್ಯಕ್ರಮ ನೋಡಿದರೆ ತಿಳಿಯುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಪೋಸ್ಟ್ ಬೇಸಿಕ್ ಪಠ್ಯಕ್ರಮದಲ್ಲಿ ಮಾನಸಿಕ ಆರೋಗ್ಯ ಶುಶ್ರೂಷೆಗೆ 240 ಗಂಟೆ, ಸಮುದಾಯ ಆರೋಗ್ಯ ಶುಶ್ರೂಷೆಗೆ 240 ಗಂಟೆ ಪ್ರಾಯೋಗಿಕ ಕಲಿಕೆಯಿದೆ. ತಾಯಂದಿರ ಮತ್ತು ಮಕ್ಕಳ ಶುಶ್ರೂಷೆಗೂ ಹಾಗೆಯೇ ಇದೆ. ಮೂಳೆ ವಿಭಾಗದ ವಾರ್ಡಿನಲ್ಲಿ ಎಷ್ಟು ವರ್ಷ ನೈಟ್ ಡ್ಯೂಟಿ ಮಾಡಿದರೂ ಮನೋರೋಗಿಯೊಬ್ಬರನ್ನು ನೋಡಿಕೊಳ್ಳುವುದನ್ನು ಅದು ಕಲಿಸುವುದಿಲ್ಲ. ನಾಳೆ ಆ ಪದವಿಯನ್ನು ನಂಬಿ ನಮ್ಮ ಕೈಗೆ ರೋಗಿಯನ್ನು ಒಪ್ಪಿಸುತ್ತಾರೆ.

ಕೊನೆಗೆ ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಎರಡು ವರ್ಷದ ಅಂಕಪಟ್ಟಿಗಳೂ ಪದವಿಪತ್ರವೂ ಬಂದವು. ಅವುಗಳಲ್ಲಿ ಆನ್‌ಲೈನ್ ಎಂಬ ಮಾತೇ ಇರಲಿಲ್ಲ. ಕೋರ್ಸಿನ ವಿಧ ‘ರೆಗ್ಯುಲರ್’ ಎಂದಿತ್ತು, ಹಾಜರಾತಿ ಪೂರ್ಣವಿತ್ತು, ಇಸವಿಗಳನ್ನು ಹಿಂದಕ್ಕೆ ಹಾಕಲಾಗಿತ್ತು. ಅಂದರೆ ಆ ಕಾಗದದ ಪ್ರಕಾರ ನಾನು ಬೇರೊಂದು ರಾಜ್ಯದ ಕಾಲೇಜಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿನಿಯಾಗಿದ್ದ ಅವಧಿಯಲ್ಲೇ ಬೆಂಗಳೂರಿನಲ್ಲಿ ಮೂರು ಪಾಳಿಯ ಡ್ಯೂಟಿ ಮಾಡಿ, ಸಂಬಳ ಪಡೆದು, ಪಿಎಫ್ ಕಟ್ಟಿದ್ದೆ. ಗಲ್ಫ್ ಕೆಲಸಕ್ಕೆ ಅರ್ಜಿ ಹಾಕುವಾಗ ಡೇಟಾಫ್ಲೋ ಎಂಬ ಸಂಸ್ಥೆ ನಡೆಸುವ ದಾಖಲೆ ಪರಿಶೀಲನೆಯಲ್ಲಿ ಪದವಿ ಕೊಟ್ಟ ಸಂಸ್ಥೆಯನ್ನೂ ಅನುಭವ ಪತ್ರ ಕೊಟ್ಟ ಆಸ್ಪತ್ರೆಯನ್ನೂ ನೇರವಾಗಿ ವಿಚಾರಿಸುತ್ತಾರೆ. ಒಂದೇ ಅವಧಿಗೆ ಎರಡು ಊರಿನ ದಾಖಲೆ ಎದುರಾದಾಗ ಎರಡರಲ್ಲೊಂದು ಸುಳ್ಳೆಂದು ಯಾರಾದರೂ ಹೇಳುತ್ತಾರೆ, ಮತ್ತು ಅದಕ್ಕೆ ಉತ್ತರಿಸಬೇಕಾದವರು ಏಜೆಂಟರಲ್ಲ, ಅರ್ಜಿಗೆ ಸಹಿ ಹಾಕಿದ ನರ್ಸ್. ಪ್ರಾಮಾಣಿಕವಾಗಿ ಗಳಿಸಿದ ಅನುಭವವೂ ಆಗ ಸಂಶಯಕ್ಕೆ ಒಳಗಾಗುತ್ತದೆ. ನನ್ನ ದಾಖಲೆಗಳನ್ನು ಅಪ್‌ಲೋಡ್ ಮಾಡುವ ಮೊದಲೇ ಹಿರಿಯ ಸಿಸ್ಟರ್ ಒಬ್ಬರು ಇಸವಿಗಳ ಮೇಲೆ ಬೆರಳಿಟ್ಟು, “ಇದನ್ನು ಯಾರಿಗೂ ಕಳಿಸಬೇಡಮ್ಮ” ಎಂದದ್ದರಿಂದ ನಾನು ಅಲ್ಲಿಗೇ ನಿಂತೆ.

ನಿಯಮ ಸ್ಪಷ್ಟವಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣದ ನಿಯಮಾವಳಿಯಲ್ಲಿ, ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿಗಳಂತೆ ನರ್ಸಿಂಗ್ ಕೂಡ ಈ ರೀತಿಯಲ್ಲಿ ಕಲಿಸಬಾರದ ವಿಷಯಗಳ ಸಾಲಿನಲ್ಲಿದೆ. ಏಜೆಂಟರು ಇದಕ್ಕೆ ಎದುರಾಗಿ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಉದಾಹರಣೆಯನ್ನು ಕೊಡುತ್ತಾರೆ. ಇಗ್ನೋದ ಪೋಸ್ಟ್ ಬೇಸಿಕ್ ಸೇವೆಯಲ್ಲಿರುವ ನರ್ಸ್‌ಗಳಿಗಾಗಿ ರೂಪುಗೊಂಡದ್ದು ನಿಜ. ಆದರೆ ಅದು ಕನಿಷ್ಠ ಮೂರು ವರ್ಷದ್ದು, ಪ್ರವೇಶ ಪರೀಕ್ಷೆಯಿರುವಂಥದ್ದು, ಗೊತ್ತುಪಡಿಸಿದ ಕೇಂದ್ರಗಳಲ್ಲಿ ಪ್ರಾಯೋಗಿಕ ತರಗತಿಗೆ ಹಾಜರಾಗಲೇಬೇಕಾದದ್ದು. ಆ ಹೆಸರು ಹೇಳಿ ಒಂದು ವರ್ಷದ ಪದವಿ ಮಾರುವವರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನು ಹಣ ಕಟ್ಟದೆ ಯೋಚನೆಯಲ್ಲಿರುವವರು, ಕಾಲೇಜಿನ ಹೆಸರು ಪಡೆದು, ಅದು ಕರ್ನಾಟಕದ್ದಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ ಪೋಸ್ಟ್ ಬೇಸಿಕ್ ಕೋರ್ಸಿನೊಂದಿಗೇ ಇದೆಯೇ ಎಂದು ನೋಡಬೇಕು. ಹೊರರಾಜ್ಯದ್ದಾದರೆ, ಈ ಪದವಿಯನ್ನು ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಿಕೊಳ್ಳುತ್ತೀರಾ ಎಂದು ನಮ್ಮ ರಾಜ್ಯ ಪರಿಷತ್ತನ್ನೇ ಬರವಣಿಗೆಯಲ್ಲಿ ಕೇಳಬೇಕು. ವ್ಯಕ್ತಿಯ ಖಾತೆಗೆ ಅಥವಾ ಫೋನ್ ಸಂಖ್ಯೆಗೆ ಶುಲ್ಕ ಕಳಿಸಬಾರದು. ಮೂಲ ಪ್ರಮಾಣಪತ್ರಗಳನ್ನು ಮಧ್ಯವರ್ತಿಗಳ ಕೈಗೆ ಯಾವ ಕಾರಣಕ್ಕೂ ಕೊಡಬಾರದು, ಏಕೆಂದರೆ ಬಾಕಿ ಕಂತನ್ನು ವಸೂಲು ಮಾಡಲು ಅವರ ಬಳಿ ಇರುವ ಹಿಡಿತ ಅದೊಂದೇ.

ನನ್ನ ದಾಖಲೆಗಳು ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟ ಮೇಲೆಯೇ ಹಿಂದಿರುಗಿದವು. ಹಣಕ್ಕಾಗಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸಿದ್ದೇನೆ. ದೂರಿಗೆ ಕಾರಣವಾದ ಘಟನೆ ನಡೆದ ಎರಡು ವರ್ಷದೊಳಗೆ ಅದನ್ನು ಸಲ್ಲಿಸಬೇಕಾದ್ದರಿಂದ, ಇಂದು ಕೊಡುತ್ತೇವೆ, ನಾಳೆ ಕೊಡುತ್ತೇವೆ ಎಂಬ ಮಾತು ನಂಬಿ ಕಾಯುತ್ತಿರುವವರು ರಸೀದಿ, ಬ್ಯಾಂಕ್ ವಿವರ ಮತ್ತು ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ಈಗಲೇ ತೆಗೆದಿಟ್ಟುಕೊಳ್ಳಬೇಕು. ಇಂಥ ಪದವಿಪತ್ರ ಈಗಾಗಲೇ ಕೈಸೇರಿದ್ದರೆ ಅದನ್ನು ಯಾವ ನೇಮಕಾತಿ ಅರ್ಜಿಗೂ ಲಗತ್ತಿಸಬೇಡಿ. ಸುಳ್ಳು ದಾಖಲೆಯೆಂದು ತಿಳಿದೂ ಬಳಸುವುದು ಸ್ವತಃ ಅಪರಾಧವಾಗುತ್ತದೆ. ದೂರಿನ ಸಾಕ್ಷ್ಯವಾಗಿ ಮಾತ್ರ ಅದನ್ನು ಜೋಪಾನವಾಗಿಡಿ.